ಹಸಿಮರ

ಬಿಲ್ಲಿನ ಹಿಡಿಯ ಸುತ್ತ ಬಿಗಿದಿದ್ದ ತೊಗಲಿನ ಪಟ್ಟಿ ಬಿಚ್ಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಸೊಸೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಸ್ವಲ್ಪ ಹೊತ್ತು ಕಾದು, ತುದಿಯನ್ನು ಉಗುರಿನಿಂದ ಎಬ್ಬಿಸಿದಳು. ಹಳೆಯ ಅಂಟು ಕರಗಿ ಎಳೆ ಎಳೆಯಾಗಿ ಬಂತು. ಪಟ್ಟಿ ಪೂರ್ತಿ ಕೈಗೆ ಬಂದ ಮೇಲೆ, ಒಳಗೆ ಮರ ಎಲ್ಲಾದರೂ ಕೊಳೆತಿದೆಯೇ ಎಂದು ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಿ ನೋಡಿದಳು. ಹಿಡಿ ಮುಗಿಯುವ ಜಾಗದಲ್ಲಿ ಬೆರಳು ಎಡವಿತು.

ಅಲ್ಲೊಂದು ಮೆಟ್ಟಿಲಿತ್ತು. ತೊಗಲಿನ ಅಡಿಯಲ್ಲಿದ್ದ ಮರ ದಪ್ಪ; ತೊಗಲಿನ ಅಂಚು ದಾಟಿದ ಕೂಡಲೇ ಒಂದು ಉಗುರಿನಷ್ಟು ತೆಳು. ಅವಳು ಬಿಲ್ಲಿನ ಕೆಳಗಿನ ತೋಳನ್ನು ಸವರಿದಳು. ಅಲ್ಲಿ ಮೆಟ್ಟಿಲಿರಲಿಲ್ಲ, ಹಿಡಿಯಿಂದ ತುದಿಯವರೆಗೆ ಮರ ನೀರು ಹರಿದ ಹಾಗೆ ಇಳಿದಿತ್ತು. ಮತ್ತೆ ಮೇಲಿನ ತೋಳಿಗೆ ಬಂದಳು. ಅದು ಹಿಡಿಯಿಂದ ಗೇಣುದ್ದ ಮೇಲೆ ಮುರಿದು ಎರಡಾಗಿತ್ತು. ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಎಳೆಯುವವನ ಎದೆಯ ಕಡೆಗಿರುವ ಮಗ್ಗುಲಲ್ಲಿ ಕೂದಲೆಳೆಯಂಥ ಗೀರುಗಳು ಕಂಡವು. ಒಂದು ಉದ್ದ, ಒಂದು ಗಿಡ್ಡ, ಒಂದರ ಮೇಲೊಂದು. ಉಜ್ಜುಗೊರಡಿನವಲ್ಲ, ಅರದವೂ ಅಲ್ಲ. ಯಾರೋ ಗಾಜಿನ ಚೂರಿನಿಂದ ಕೆರೆದು, ಮೇಲೆ ಎಣ್ಣೆ ತಿಕ್ಕಿ ಮರೆಮಾಡಿದ್ದರು.

ಇದು ಬಿಲ್ಲು ಮಾಡಿದ ಮಾವನ ಕೈಯಲ್ಲ. ಮಾವನ ಕೈ ಎಂಥದೆಂದು ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನಿಂತು ಕಲಿತವಳು. ಅವಳ ಗಂಡನಿಗೆ ಮರದ ಪುಡಿ ಮೂಗಿಗೆ ಹೋದರೆ ಸಾಕು, ಇಪ್ಪತ್ತು ಸೀನು. ಅವನು ಲಾರಿ ಹಿಡಿದು ವಾರಕ್ಕೆ ಐದು ದಿನ ಊರಾಚೆ ಇರುತ್ತಿದ್ದ. "ಮಗ ಸೀನಿ ಕಳ್ಕೊಂಡಿದ್ದು ಸೊಸೆಗೆ ಸಿಕ್ತು" ಎಂದು ಮಾವ ಆಗಾಗ ನಗುತ್ತಿದ್ದರು. ಅವರು ನಗುತ್ತಿದ್ದುದು ಅಂಥ ಒಂದೆರಡು ಮಾತಿಗೆ ಮಾತ್ರ.

ಊರಿನಲ್ಲಿ ಮಾವನ ಅಡ್ಡಹೆಸರು ಹಸಿಮರ. ಅದು ಹಂಗಿಸುವ ಮಾತೆಂದು ತಿಳಿಯದ ಹೊಸಬರು "ಹಸಿಮರದ ಅಂಗಡಿ ಎಲ್ಲಿ?" ಎಂದು ದಾರಿ ಕೇಳಿಕೊಂಡು ಬರುತ್ತಿದ್ದರು. ಹೆಸರು ಬಿದ್ದದ್ದು ಅವಳು ಈ ಮನೆಗೆ ಬರುವುದಕ್ಕೆ ಎರಡು ವರ್ಷ ಮೊದಲು. ಮಾವ ಆಗ ಬಿಲ್ಲು ಮಾಡುತ್ತಿದ್ದರು. ಒಂದೇ ಮರದ ಸೀಳಿನಿಂದ ಕೆತ್ತಿದ ಬೇಟೆಯ ಬಿಲ್ಲು. ಅದಕ್ಕಾಗಿ ಜನ ದಿನಗಟ್ಟಲೆ ನಡೆದು ಬರುತ್ತಿದ್ದರಂತೆ. ಎಲ್ಲಕ್ಕಿಂತ ಒಳ್ಳೆಯದನ್ನು ಅವರು ತಮ್ಮ ಚಿಕ್ಕಂದಿನ ಗೆಳೆಯನಿಗೆ, ಬೇಟೆಗಾರನಿಗೆ, ಮಾಡಿಕೊಟ್ಟಿದ್ದರು. ಒಂದು ದಿನ ಕಾಡಿನಲ್ಲಿ ಹೆದೆಯನ್ನು ಪೂರ್ತಿ ಎಳೆದಾಗ ಅದು ಮುರಿಯಿತು. ಮುರಿದ ತೋಳು ಸಿಡಿದು ಬೇಟೆಗಾರನ ಎಡಗಣ್ಣು ಹೋಯಿತು. ಒಣಗದ ಮರದಲ್ಲಿ ಬಿಲ್ಲು ಮಾಡಿ ಗೆಳೆಯನ ಕಣ್ಣು ತೆಗೆದ ಎಂಬ ಮಾತು ಊರೆಲ್ಲ ಹಬ್ಬಿತು. ಮಾವ ಒಂದು ಸಲವೂ ಅಲ್ಲ ಎನ್ನಲಿಲ್ಲ. ಮತ್ತೆ ಬಿಲ್ಲು ಮಾಡಲಿಲ್ಲ, ಬೇಟೆಗಾರನ ಬೀದಿಯಲ್ಲಿ ಕಾಲಿಡಲಿಲ್ಲ. ಕುರ್ಚಿಯ ಕಾಲು, ಕೊಡಲಿಯ ಕಾವು, ಅಲುಗಾಡುವ ಮಂಚ, ಇಷ್ಟೇ. ಕಾಡಿಗೆ ಬೇಲಿ ಬಿದ್ದು ಬೇಟೆಯೇ ನಿಂತ ಮೇಲೆ ಬಿಲ್ಲು ಕೇಳುವವರೂ ಇಲ್ಲವಾದರು. ಹೆಸರು ಮಾತ್ರ ನಿಂತಿತು.

ಮೊನ್ನೆ ಬೇಟೆಗಾರನ ಮಗಳು ಬೆಡ್‌ಶೀಟಿನಲ್ಲಿ ಸುತ್ತಿ ತಂದದ್ದು ಅದೇ ಬಿಲ್ಲು ಎಂದು ಸೊಸೆಗೆ ನಂಬಲಾಗಿರಲಿಲ್ಲ.

"ಒಲೆಗೆ ಹಾಕ್ದೆ ಅಂದಿದ್ರಲ್ಲ ನಿಮ್ಮಪ್ಪ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಅಕ್ಕ. ಬಣ್ಣ ಬಳಿಸೋಕೆ ಅಂತ ಬೀರು ಸರಿಸಿದ್ರೆ ಅದರ ಹಿಂದೆ ಇತ್ತು. ಅಪ್ಪಂಗೆ ಮುಂದಿನ ತಿಂಗಳು ಇನ್ನೊಂದು ಕಣ್ಣಿಗೆ ಆಪರೇಷನ್. ಹೆದರ್ಕೊಂಡಿದ್ದಾರೆ, ಬಾಯಿಬಿಟ್ಟು ಹೇಳಲ್ಲ. ಅದಕ್ಕೆ ಮೊದಲು ಇದನ್ನ ಸರಿಮಾಡ್ಸಿ ಗೋಡೆಗೆ ಹಾಕಿದ್ರೆ ಖುಷಿಪಡ್ತಾರೇನೋ ಅಂತ." ಅವಳು ಧ್ವನಿ ತಗ್ಗಿಸಿದಳು. "ಇಲ್ಲಿಗೆ ತರಬಾರದಿತ್ತು, ಗೊತ್ತು. ಆದ್ರೆ ಬೇರೆ ಯಾರಿಗೆ ಬರುತ್ತೆ ಹೇಳಿ ಈ ಕೆಲಸ."

ಮಾವ ಬೆಂಚಿನಿಂದ ತಲೆಯೆತ್ತಿ ಗಂಟನ್ನು ನೋಡಿದ್ದರು. ಬಿಚ್ಚುವ ಮೊದಲೇ ಅವರಿಗೆ ಗುರುತಾಗಿತ್ತು. "ನಾನು ಮುಟ್ಟಲ್ಲ," ಎಂದರು. "ನಿನಗೆ ಮನಸ್ಸಿದ್ರೆ ಮಾಡಿಕೊಡು, ಮಗಳೇ. ಗೋಡೆಗೆ ತಾನೇ." ಆಮೇಲೆ ಎರಡು ದಿನ ಅದಕ್ಕೆ ಬೆನ್ನು ಹಾಕಿಯೇ ಕೆಲಸ ಮಾಡಿದರು. ಇವತ್ತು ಬೆಳಿಗ್ಗೆ ಹಲಗೆ ಆರಿಸಲು ಸಾಮಿಲ್ಲಿಗೆ ಹೋಗಿದ್ದರು.

ಅವರು ಬಂದ ಕೂಡಲೇ ಇದನ್ನು ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು ಎಂದು ಸೊಸೆ ಯೋಚಿಸುತ್ತಿರುವಾಗಲೇ ಬಾಗಿಲಲ್ಲಿ ಯಾರೋ ಬೆಳಕಿಗೆ ಅಡ್ಡ ನಿಂತರು. ಬೇಟೆಗಾರ. ಇಷ್ಟು ವರ್ಷವಾದರೂ ಅವಳು ಅವನನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಅಗಲವಾದ ಆಳು, ಈಗ ಆ ಮೈಮೇಲೆ ಅಂಗಿ ಗೂಟಕ್ಕೆ ಸಿಕ್ಕಿಸಿದ ಹಾಗೆ ಜೋಲುತ್ತಿತ್ತು. ಕಪ್ಪು ಕನ್ನಡಕ ಹಾಕಿದ್ದ.

"ನಿಮ್ಮ ಮಾವ ಸಾಮಿಲ್ ಕಡೆ ಹೋಗೋದು ನೋಡ್ದೆ," ಎಂದ. "ಅದಕ್ಕೇ ಬಂದೆ. ನನ್ನ ಮಗಳಿಗೆ ಬುದ್ಧಿ ಇಲ್ಲ, ನನ್ನ ಒಂದ್ಮಾತು ಕೇಳದೆ ತಂದುಕೊಟ್ಟಿದ್ದಾಳೆ. ಬೆಳಿಗ್ಗೆ ಬಾಯಿಬಿಟ್ಟಳು. ಕೊಟ್ಟುಬಿಡು ತಾಯಿ, ತಗೊಂಡು ಹೋಗ್ತೀನಿ."

"ಇನ್ನೂ ಕೆಲಸ ಶುರು ಮಾಡಿಲ್ಲ."

"ಮಾಡೋದೂ ಬೇಡ. ಹೇಗಿದೆಯೋ ಹಾಗೇ ಸುತ್ತಿಕೊಡು."

ಹೇಳುತ್ತಿದ್ದ ಹಾಗೆಯೇ ಬೆಂಚಿನ ಮೇಲೆ ಸುರುಳಿಯಾಗಿ ಬಿದ್ದಿದ್ದ ತೊಗಲಿನ ಪಟ್ಟಿ ಅವನಿಗೆ ಕಂಡಿತು. ಅದರಿಂದ ಬಿಲ್ಲಿಗೆ, ಬಿಲ್ಲಿನಿಂದ ಅವಳ ಹೆಬ್ಬೆರಳಿಗೆ ಅವನ ಮುಖ ನಿಧಾನ ತಿರುಗಿತು. ಹೆಬ್ಬೆರಳು ಇನ್ನೂ ಆ ಮೆಟ್ಟಿಲಿನ ಮೇಲೇ ಇತ್ತು.

"ಕೂತ್ಕೊಳ್ಳಿ," ಎಂದಳು.

"ಕೂರೋಕೆ ಬಂದಿಲ್ಲ."

"ಹಾಗಾದ್ರೆ ಇಲ್ಲಿ ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತ. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ವೈದ್ಯರ ಕೋಣೆಯ ಹೊರಗೆ ಕಾಯುವವರ ಹಾಗೆ, ನೆಲ ನೋಡುತ್ತ ಹೇಳಿದ.

"ಭುಜ ಹೋಗಿತ್ತು. ಬಲಗಡೆದು. ಬಂಡೆ ಮೇಲಿಂದ ಜಾರಿ ಬಿದ್ದಿದ್ದೆ, ಯಾರಿಗೂ ಹೇಳಿರಲಿಲ್ಲ. ಎಷ್ಟು ಎಳೆದ್ರೂ ಹೆದೆ ಎದೆವರೆಗೂ ಬರ್ತಿರಲಿಲ್ಲ. ಒಂದಿನ ಜೊತೇಲಿದ್ದ ಹುಡುಗ, ಇನ್ನೂ ಮೀಸೆ ಚಿಗುರಿರಲಿಲ್ಲ, ಕೊಡಿ ಇಲ್ಲಿ ಅಂತ ಇಸ್ಕೊಂಡು ಕಿವಿವರೆಗೆ ಎಳೆದ. ಎಳೆದು ನಕ್ಕ. ಮನೆಗೆ ಬಂದು ಬಾಗಿಲು ಹಾಕ್ಕೊಂಡು ಮೂರು ಮಧ್ಯಾಹ್ನ ಕೆರೆದೆ. ಬಾಟ್ಲಿ ಒಡೆದು ಅದರ ಚೂರಲ್ಲಿ. ಅಷ್ಟಾದ ಮೇಲೆ ಬೆಣ್ಣೆ ಎಳೆದ ಹಾಗೆ ಬಂತು. ಎರಡು ತಿಂಗಳು ಚೆನ್ನಾಗಿತ್ತು."

"ಮಾವನ ಹತ್ರ ತರಬಹುದಿತ್ತಲ್ಲ?"

"ಅವನಿಗೆ ಏನಂತ ಹೇಳ್ಲಿ? ಊರಲ್ಲಿ ನನ್ನ ಬಿಟ್ರೆ ಇದನ್ನ ಬಗ್ಗಿಸೋರಿಲ್ಲ ಅಂತ ಅವನೇ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದ."

"ಹಸಿಮರ ಅಂತ ಹೇಳೋಕೆ ಮಾತ್ರ ಬಾಯಿ ಬಂತು."

"ಹಾಗೆ ಹೇಳಿಲ್ಲ ತಾಯಿ." ಅವನು ಮೊದಲ ಸಲ ತಲೆಯೆತ್ತಿದ. "ಆಸ್ಪತ್ರೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ರು. ನೋಡೋಕೆ ಬಂದೋರು ಹೇಗೆ ಮುರೀತು ಅಂತ ಕೇಳಿದ್ರು. ಮರ ಹಸಿ ಇತ್ತೋ ಏನೋ ಅಂದೆ. ಇತ್ತೋ ಏನೋ ಅಂದಿದ್ದು, ಅಷ್ಟೇ. ನಾನು ಮನೆಗೆ ಬರೋಷ್ಟರಲ್ಲಿ 'ಏನೋ' ಬಿದ್ದುಹೋಗಿತ್ತು."

"ಎತ್ತಿಕೊಡಬಹುದಿತ್ತು."

ಅವನು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ.

"ನನ್ನ ಮಗಳಿಗೆ ಏಳು ವರ್ಷ," ಎಂದಳು ಸೊಸೆ. ಕೂಗಬಾರದು ಎಂದುಕೊಂಡಿದ್ದಳು, ಆದ್ದರಿಂದ ಅವಳ ಮಾತು ಪಿಸುಗುಟ್ಟಿದ ಹಾಗೆ ಬಂತು. "ಸ್ಕೂಲಲ್ಲಿ ಅವಳನ್ನ ಏನಂತ ಕರೀತಾರೆ ಗೊತ್ತಾ? ಹಸಿಕಡ್ಡಿ. ಕಡ್ಡಿ ಹಾಗಿದ್ದಾಳೆ ಅದಕ್ಕೆ ಅಂದ್ಕೊಂಡು ಅವಳು ಎರಡೆರಡು ಸಲ ಅನ್ನ ಹಾಕಿಸ್ಕೊಂಡು ತಿಂತಾಳೆ."

"ಅವನಿಗೆ ಹೇಳಬೇಡ," ಎಂದ ಬೇಟೆಗಾರ. "ಕಣ್ಣು ಕುಯ್ಯೋಕೆ ಮೊದಲು ಬೇಡ. ಏನಾಗುತ್ತೋ ಏನೋ. ಆಮೇಲೆ ಬೇಕಾದ್ರೆ..."

"ನಾನು ಹೇಳಲ್ಲ. ಇಲ್ಲೇ ಕೂತಿರಿ, ಬರ್ತಾರೆ. ನೀವೇ ಹೇಳಿ."

ಅವನು ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಯಾಕೋ ಹೋಗಲಿಲ್ಲ. ಸೊಸೆ ಬಿಸಿನೀರಿನ ಬೋಗುಣಿಯನ್ನು ಹೊರಗೆ ಚೆಲ್ಲಿ ಬಂದಳು, ಬಟ್ಟೆ ಹಿಂಡಿ ಹರವಿದಳು, ಸುಮ್ಮನೆ ಒಂದು ಉಳಿಯನ್ನು ಮಸೆದಳು. ಮಸೆಯುವ ಸದ್ದಿನ ನಡುವೆ ಅವಳಿಗೆ ಮಾವನ ಚಪ್ಪಲಿಯ ಸದ್ದು ಕೇಳಿದ್ದು ಅವರು ಹೊಸಿಲ ಮೇಲೆ ನಿಂತ ಮೇಲೆಯೇ.

ಹೆಗಲ ಮೇಲೆ ಎರಡು ಹಲಗೆಗಳಿದ್ದವು. ಅವನ್ನು ಇಳಿಸದೆ ಮಾವ ಸ್ಟೂಲಿನ ಮೇಲೆ ಕೂತವನನ್ನು ನೋಡಿದರು. ಬೇಟೆಗಾರ ಎದ್ದು ನಿಂತ. ಹನ್ನೊಂದು ವರ್ಷ ಎದುರುಬದುರಾಗದೆ ಬದುಕಿದ ಇಬ್ಬರು. ಸಣ್ಣ ಊರಿನಲ್ಲಿ ಅದೂ ಒಂದು ಕೆಲಸವೇ.

"ಕೂತ್ಕೋ," ಎಂದರು ಮಾವ. ಹಲಗೆಗಳನ್ನು ಗೋಡೆಗೆ ಆನಿಸಿ, ಕೈಯ ಧೂಳು ಒರೆಸಿಕೊಂಡರು. "ಕಣ್ಣು ಹೇಗಿದೆ?"

ಬೇಟೆಗಾರ ಬೆಂಚಿನ ಕಡೆ ಕೈ ತೋರಿಸಿದ. ಮಾವ ಸೊಸೆಯ ಮುಖ ನೋಡಿದರು. ಅವಳು ಬಿಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಮುಟ್ಟಲ್ಲ ಎಂದಿದ್ದವರು ಮುಟ್ಟಿದರು. ಕನ್ನಡಕ ಹಾಕಿಕೊಳ್ಳಲಿಲ್ಲ. ಮೊದಲು ಕೆಳಗಿನ ತೋಳು, ಹಿಡಿ, ಆಮೇಲೆ ಮೇಲಕ್ಕೆ. ಬೆರಳು ಮೆಟ್ಟಿಲಿಗೆ ತಾಗಿ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂದು ತಾಗಿತು. ಮುರಿದ ತುಂಡನ್ನು ಎತ್ತಿ ಅದರ ಮಗ್ಗುಲನ್ನು ಕೆನ್ನೆಗೆ ಉಜ್ಜಿ ನೋಡಿದರು. ನುಣುಪು ನೋಡಲು ಅವರು ಹಾಗೆ ಮಾಡುವುದನ್ನು ಸೊಸೆ ಸಾವಿರ ಸಲ ಕಂಡಿದ್ದಳು. ಆಮೇಲೆ ಕೇಳಿದರು:

"ಯಾವುದರಲ್ಲಿ ಕೆರೆದೆ?"

"ಗಾಜು."

"ಒಂದೇ ತೋಳು ಕೆರೆದಿದ್ದೀಯ."

"ಇನ್ನೊಂದನ್ನೂ ಕೆರೀಬೇಕು ಅಂತ ಗೊತ್ತಿರಲಿಲ್ಲ."

"ಎರಡೂ ಸಮ ಬಾಗಬೇಕು. ಇಲ್ಲದಿದ್ರೆ ಎಲ್ಲ ಭಾರ ಒಂದರ ಮೇಲೇ ಬೀಳುತ್ತೆ." ಕಲಿಯಲು ಬಂದವನಿಗೆ ಹೇಳುವ ಹಾಗೆ ಹೇಳಿದರು. "ನನ್ನ ಹತ್ರ ತಂದಿದ್ರೆ ಅರ್ಧ ದಿನದ ಕೆಲಸ ಕಣೋ. ಬೆಳಿಗ್ಗೆ ತಂದಿದ್ರೆ ಮಧ್ಯಾಹ್ನ ತಗೊಂಡು ಹೋಗ್ತಿದ್ದೆ."

ಬೇಟೆಗಾರ ಕನ್ನಡಕ ತೆಗೆದು ಒರೆಸಿದ. ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಒಳಕ್ಕೆ ಹೊಲಿದ ಹಾಗಿತ್ತು. "ತಪ್ಪಾಯ್ತು," ಎಂದ. "ಏನು ಬೇಕಾದ್ರೂ ಅನ್ನು. ಹೊಡೀಬೇಕು ಅನ್ಸಿದ್ರೆ ಹೊಡಿ."

ಮಾವ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ತುಂಡನ್ನು ಕೈಯಲ್ಲೇ ಹಿಡಿದು, ಗೋಡೆಗೆ ಆನಿಸಿದ್ದ ಹಲಗೆಗಳ ಕಡೆ ನೋಡುತ್ತ ಮಾತಾಡಿದರು. ಆ ಮಾತು ಬೇಟೆಗಾರನಿಗೋ ಸೊಸೆಗೋ ಹೇಳಿದ್ದು ಎಂದು ತಿಳಿಯುವ ಹಾಗಿರಲಿಲ್ಲ.

"ನನ್ನವಳು ಹಾಸಿಗೆ ಹಿಡಿದ ವರ್ಷ ಮಾಡಿದ ಬಿಲ್ಲು ಇದು. ಮರ ಎರಡು ವರ್ಷ ಒಣಗಬೇಕು. ಆಸ್ಪತ್ರೆ, ಔಷಧಿ ಅಂತ ಓಡಾಡ್ತಾ ತಿಂಗಳ ಲೆಕ್ಕ ತಪ್ಪಿ ಮೊದಲೇ ಅಟ್ಟದಿಂದ ಇಳಿಸಿದ್ನೇನೋ ಅಂತ ನನಗೇ ಅನುಮಾನ. ನೀನು ಹಸಿ ಅಂದೆ ಅಂತ ಕೇಳಿದಾಗ, ಹೌದು, ಹಾಗೇ ಆಗಿದೆ ಅಂದ್ಕೊಂಡೆ." ಅವರು ತುಂಡನ್ನು ಇನ್ನೊಂದು ಕೈಗೆ ದಾಟಿಸಿದರು. "ಒಂದಿನ ಅವಳು ನೀರು ಕೇಳಿದ್ಲು. ಸಿಟ್ಟಲ್ಲಿದ್ದೆ. ನಿನ್ನ ಕಾಯಿಲೆ ನೋಡ್ಕೊಳ್ಳೋಕೆ ಹೋಗಿ ಒಬ್ಬನ ಕಣ್ಣು ತೆಗೆದೆ ಅಂದುಬಿಟ್ಟೆ. ಆಮೇಲೆ ಇಪ್ಪತ್ತು ದಿನ ಇದ್ಲು. ನೀರು ಕೇಳಲಿಲ್ಲ. ಕೊಟ್ಟಾಗ ಕುಡಿದ್ಲು."

ಮಾವ ತುಂಡನ್ನು ಬೆಂಚಿನ ಮೇಲೆ, ಬಿಲ್ಲಿನ ಪಕ್ಕದಲ್ಲಿ ಇಟ್ಟರು.

"ನನಗೆ ಗೊತ್ತಿರಲಿಲ್ಲ ಕಣೋ," ಎಂದ ಬೇಟೆಗಾರ.

"ನಿನಗೆ ಹೇಗೆ ಗೊತ್ತಿರುತ್ತೆ," ಎಂದರು ಮಾವ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳುವುದು ಸುಲಭವಾಗುತ್ತಿತ್ತು ಎಂದು ಸೊಸೆಗೆ ಅನ್ನಿಸಿತು. "ಹೋಗು ಈಗ."

"ಬಿಲ್ಲು?"

"ಇರಲಿ. ನಿನ್ನ ಮಗಳು ಕೊಟ್ಟಿದ್ದು."

ಮೂರು ದಿನ ಮಾವ ಅಂಗಡಿಗೆ ಬರಲಿಲ್ಲ. ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು, ತಟ್ಟೆಯನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದರು. ಮೊಮ್ಮಗಳು ಹೋಗಿ ಪಕ್ಕದಲ್ಲಿ ಕೂತರೆ ಬೇಡವೆನ್ನುತ್ತಿರಲಿಲ್ಲ. ಗಂಡ ಲಾರಿಯಿಂದ ಇಳಿದು ಬಂದಾಗ ಸೊಸೆ ಎಲ್ಲವನ್ನೂ ಹೇಳಿದಳು. ಅವನು ಬೇಟೆಗಾರನ ಮನೆಗೆ ಹೋಗಿ ಕೇಳಿಯೇ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದ. "ಏನಂತ ಕೇಳ್ತೀರಿ?" ಎಂದಳು. ಅವನು ಚಪ್ಪಲಿ ಬಿಚ್ಚಿ ಒಳಗೆ ಬಂದು, ಅಪ್ಪನ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿಂದಲೂ ವಾಪಸಾದ.

ಭಾನುವಾರ ಬೇಟೆಗಾರ ತಾನಾಗಿಯೇ ಹೇಳಿದನಂತೆ. ಕ್ಷೌರದಂಗಡಿಯಲ್ಲಿ, ಜನ ತುಂಬಿದ್ದ ಹೊತ್ತಿಗೆ, ನಿಂತುಕೊಂಡು. ಬಿಲ್ಲನ್ನು ಕೆರೆದದ್ದು ನಾನು, ಮರ ಹಸಿ ಇರಲಿಲ್ಲ, ಸುಳ್ಳು ಹೇಳಿದ್ದು ನಾನು. ಅಲ್ಲೇ ಇದ್ದ ಗಂಡ ಮನೆಗೆ ಬಂದು ಅದನ್ನು ಹೇಳುವಾಗ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಕಾಯುತ್ತಿದ್ದ ಹುಡುಗರಿಗೆ ಯಾವ ಬಿಲ್ಲು ಎಂಬುದೇ ಗೊತ್ತಿರಲಿಲ್ಲ. ಒಬ್ಬ ಮುದುಕ, "ಅದು ನಿನ್ನ ತಮ್ಮನ ಕಣ್ಣಲ್ಲವಾ ಹೋಗಿದ್ದು?" ಎಂದು ಕೇಳಿದ. ಕ್ಷೌರದವನು ಬೇಟೆಗಾರನನ್ನು ಕುರ್ಚಿಗೆ ಕೂರಿಸಿ, "ಹಳೇ ಕಥೆ ಬಿಡಿ ಯಜಮಾನ್ರೇ, ತಲೆ ಬಗ್ಗಿಸಿ," ಎಂದ. ಅಷ್ಟೇ. ಮರುದಿನ ಒಬ್ಬ ಮುರಿದ ತೊಟ್ಟಿಲು ತಂದು, "ಹಸಿಮರದ ಅಂಗಡಿ ಇದೇ ಅಲ್ವಾ?" ಎಂದು ಕೇಳಿದ. ಸೊಸೆ ಹೌದು ಎಂದಳು.

ಆ ತೊಟ್ಟಿಲಿನ ಸದ್ದು ಕೇಳಿಯೋ ಏನೋ, ಮಾವ ಎದ್ದು ಅಂಗಡಿಗೆ ಬಂದರು. ತೊಟ್ಟಿಲನ್ನು ನೋಡಿ ಪಕ್ಕಕ್ಕಿಟ್ಟು, "ಆ ಬಿಲ್ಲು ತಾ," ಎಂದರು.

ಕೆರೆದಿದ್ದ ಮೇಲಿನ ತೋಳನ್ನು ಅವರು ಹಿಡಿಯ ಹತ್ತಿರವೇ ಕತ್ತರಿಸಿ ತೆಗೆಸಿದರು. ಆರು ವರ್ಷ ಒಣಗಿದ ಒಂದು ಸೀಳನ್ನು ತಾವೇ ಆರಿಸಿ, ಮೀನಿನ ಬಾಲದ ಹಾಗೆ ಕಚ್ಚು ಕೊಯ್ದು ಹಳೆಯದಕ್ಕೆ ಕೂರಿಸಿದರು. ಅಂಟು ಹಾಕಿ, ದಾರ ಸುತ್ತಿ, ಒಂದು ವಾರ ಹಾಗೇ ಬಿಟ್ಟರು. ಕತ್ತರಿಸಿ ತೆಗೆದ ತುಂಡುಗಳನ್ನು ಸಾಕ್ಷಿಗೆಂದು ಇಟ್ಟುಕೊಳ್ಳುತ್ತಾರೇನೋ ಎಂದು ಸೊಸೆ ಅಂದುಕೊಂಡಿದ್ದಳು. ಅವರು ಒಂದನ್ನು ಚೆಕ್ಕೆ ಮಾಡಿ ಬೆಂಚಿನ ಕುಂಟುವ ಕಾಲಿಗೆ ಕೊಟ್ಟರು. ಇನ್ನೊಂದು ಕಸದ ಜೊತೆ ಹೋಯಿತು.

"ಗೋಡೆಗೆ ತಾನೇ ಮಾವ, ಇಷ್ಟೆಲ್ಲ ಯಾಕೆ?"

"ಹೆದೆ ಹೊರದಿದ್ರೆ ಅದು ಬಿಲ್ಲಲ್ಲ, ಕೋಲು."

ವಾರದ ಮೇಲೆ ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ ಎಳೆಯುವ ಕೆಲಸ ಸೊಸೆಗೆ ಬಂತು. ಮಾವ ನಾಲ್ಕು ಹೆಜ್ಜೆ ದೂರ ನಿಂತು ಎರಡು ತೋಳುಗಳೂ ಸಮನಾಗಿ ಬಾಗುತ್ತವೆಯೇ ಎಂದು ನೋಡುವರು, ಹತ್ತಿರ ಬಂದು ಪೆನ್ಸಿಲಿನಿಂದ ಒಂದು ಗುರುತು ಹಾಕುವರು, ಅವಳು ಅಲ್ಲಿ ಕಾಗದದಷ್ಟು ಹೆರೆಯುವಳು, ಮತ್ತೆ ಎಳೆಯುವಳು. ಇದು ಬೆಳಗ್ಗೆಯಿಂದ ನಡೆಯಿತು. ಎರಡೂ ತೋಳು ಸಮನಾಗಿ ಬಾಗಿದವು. ಮುಗಿಯಿತು ಎಂದುಕೊಂಡು ಅವಳು ಹಗ್ಗ ಬಿಟ್ಟಳು.

ಮಾವ ಬಿಲ್ಲನ್ನು ಗೂಟದಿಂದ ಇಳಿಸಿಕೊಂಡರು. ಬೇಟೆಗಾರ ಭುಜದ ಬಗ್ಗೆ ಹೇಳಿದ್ದನ್ನು ಸೊಸೆ ಅವರಿಗೆ ಆಗಲೇ ತಿಳಿಸಿದ್ದಳು.

"ಯಾವ ಭುಜ ಅಂದ ಅವನು?"

"ಬಲಗಡೆದು."

ಅವರು ಬಲಗೈಯಲ್ಲಿ ಹೆದೆ ಹಿಡಿದು, ಭುಜ ಎತ್ತದೆ, ಮೊಣಕೈಯಿಂದಲೇ ಎಳೆದು ನೋಡಿದರು. ಅರ್ಧಕ್ಕೆ ನಿಂತಿತು. "ಜಾಸ್ತಿ ಇದೆ," ಎಂದರು. "ಎರಡೂ ಕಡೆ ಹೆರಿ. ಸಮ."

ಮಧ್ಯಾಹ್ನದವರೆಗೆ ಅವಳು ಹೆರೆದಳು. ಅವರು ಆಗಾಗ ಇಸಿದುಕೊಂಡು ಅದೇ ರೀತಿ, ಭುಜ ಸತ್ತವರ ಹಾಗೆ, ಎಳೆದು ನೋಡಿ ಮರಳಿ ಕೊಡುತ್ತಿದ್ದರು. ಮುಖ ಸಡಿಲವಾಗಲಿಲ್ಲ. ಒಮ್ಮೆ ಮಾತ್ರ, ಬಿಲ್ಲು ಅವಳ ಕೈಯಲ್ಲಿದ್ದಾಗ, "ಅವಳಿಗೆ ಹೇಳೋಕಾಗಲ್ಲವಲ್ಲ," ಎಂದರು. ಸೊಸೆ ಹೆರೆಯುವುದನ್ನು ನಿಲ್ಲಿಸಿದಳು. "ನಿಲ್ಲಿಸಬೇಡ," ಎಂದರು, "ಒಂದು ಕಡೆ ಹೆಚ್ಚಾಗುತ್ತೆ."

ಸಂಜೆ ಬೇಟೆಗಾರನ ಮಗಳು ಫೋನ್ ಮಾಡಿದಳು. ಆಪರೇಷನ್ ನಾಡಿದ್ದಿಗೆ ಬಂದಿದೆ, ಅಪ್ಪನನ್ನು ಬಿಟ್ಟು ಬರಲಾಗುತ್ತಿಲ್ಲ, ಕೆಲಸ ಮುಗಿದಿದ್ದರೆ ಯಾರನ್ನಾದರೂ ಕಳಿಸುತ್ತೇನೆ ಎಂದಳು. ಸೊಸೆ ಫೋನಿಗೆ ಕೈ ಅಡ್ಡ ಹಿಡಿದು ಮಾವನಿಗೆ ಹೇಳಿದಳು.

"ಯಾರೂ ಬರೋದು ಬೇಡ ಅನ್ನು."

ಅವರು ಮುಖ ತೊಳೆದು ಬೇರೆ ಅಂಗಿ ಹಾಕಿಕೊಂಡು ಬಂದರು. ಯಾವ ಬಟ್ಟೆಯಲ್ಲೂ ಸುತ್ತದೆ, ಹೆದೆ ಏರಿಸದೆ, ಬಿಲ್ಲನ್ನು ಹಾಗೆಯೇ ಕೈಯಲ್ಲಿ ಹಿಡಿದು ಹೊರಟರು. ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ ಬೇಡ ಎಂದು ತಲೆಯಾಡಿಸಿದರು. ಸೊಸೆ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು. ದಿನಸಿ ಅಂಗಡಿ ದಾಟಿದರು, ನಲ್ಲಿ ದಾಟಿದರು, ಹನ್ನೊಂದು ವರ್ಷದಿಂದ ತಾವು ಕಾಲಿಡದ ಬೇಟೆಗಾರನ ಬೀದಿ ತಿರುಗುವ ಮೂಲೆಗೆ ಮುಟ್ಟಿದರು. ಅಲ್ಲಿ ದಾರಿ ಕಿರಿದು. ಎದುರಿನಿಂದ ಎರಡು ಕಡೆಯೂ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಬೆಲ್ ಮಾಡುತ್ತ ಬಂದ. ಮಾವ ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಹಚ್ಚಿ, ಅವನಿಗೆ ತಾಗದಿರಲೆಂದು ಬಿಲ್ಲನ್ನು ನೆಟ್ಟಗೆ ಎತ್ತಿ ಎದೆಗೆ ಒತ್ತಿಕೊಂಡರು.

ಸೈಕಲ್ ದಾಟಿ ಹೋಯಿತು. ಅದರ ಹಿಂದೆ ಬೇರೆ ಯಾರೂ ಬರುತ್ತಿರಲಿಲ್ಲ. ಮಾವ ಗೋಡೆಗೆ ಬೆನ್ನು ಹಚ್ಚಿ, ದಾರಿ ಬಿಟ್ಟು, ನಿಂತೇ ಇದ್ದರು.